ಕುದುರೆಯ ಪಟದಲ್ಲಿ ಅಳಿಸಬಹುದಾದದ್ದು, ಅಳಿಸಬಾರದ್ದು

ರಾಯಚೂರು ಸೀಮೆಯಲ್ಲಿ, ತೆಲಂಗಾಣದ ಗಡಿಯ ಬದಿಗಿರುವ ಯಾಪಲದಿನ್ನಿಯಿಂದ ಹಿಡಿದು ದೇವದುರ್ಗ, ಮಾನ್ವಿಯ ತನಕ, ಕುದುರೆಯೊಂದು ಕ್ಯಾಮೆರಾದ ಮುಂದೆ ಬಂದು ನಿಲ್ಲುವುದು ಹೆಚ್ಚಾಗಿ ಮದುವೆಯ ಮೆರವಣಿಗೆಯಲ್ಲಿ. ಬಾಸಿಂಗವನ್ನೋ ಸೆಹರಾವನ್ನೋ ಕಟ್ಟಿಕೊಂಡ ಮದುಮಗ, ಜರಿಯ ಜೂಲು ಹೊದ್ದ ಬಿಳಿ ಕುದುರೆ, ಹಿಂದೆ ಬ್ಯಾಂಡಿನವರು, ಇಷ್ಟು ಪಟದಲ್ಲಿ ಬಂದರೆ ಸಾಕೆಂದು ಮನೆಯವರು ಬಯಸುತ್ತಾರೆ. ಆದರೆ ಕ್ಯಾಮೆರಾ ಬಯಸಿದ್ದನ್ನಷ್ಟೇ ಆರಿಸಿಕೊಳ್ಳುವ ಯಂತ್ರವಲ್ಲವಾದ್ದರಿಂದ ವಿದ್ಯುತ್ ಕಂಬ, ಅಡ್ಡಡ್ಡ ಹಾಯ್ದ ತಂತಿ, ಯಾರದೋ ಜನ್ಮದಿನದ ಫ್ಲೆಕ್ಸು, ಜನರೇಟರ್ ಗಾಡಿ, ಅರ್ಧ ಮಾತ್ರ ಕಾಣುವ ಬೈಕು, ನೆಲದ ಮೇಲಿನ ಲದ್ದಿ, ಮೊಬೈಲು ಎತ್ತಿ ಹಿಡಿದ ಹತ್ತಾರು ಕೈಗಳು, ಕೊನೆಗೆ ಕುದುರೆಯ ತಲೆಗೆ ಕಟ್ಟಿದ ನೈಲಾನ್ ಹಗ್ಗ ಮತ್ತು ಆ ಹಗ್ಗವನ್ನು ಹಿಡಿದು ನಿಂತ ಮನುಷ್ಯ, ಎಲ್ಲವೂ ಅದೇ ಚೌಕಟ್ಟಿನೊಳಗೆ ಸೇರಿಕೊಳ್ಳುತ್ತವೆ. ಇವನ್ನು ಆಮೇಲೆ ಕಂಪ್ಯೂಟರಿನಲ್ಲಿ ಕೂತು ತೆಗೆದುಹಾಕುವ ಕೆಲಸವನ್ನು ಸ್ಟುಡಿಯೊದವರು ಟಚಿಂಗ್ ಎನ್ನುತ್ತಾರೆ. ಈ ಕೆಲಸಕ್ಕೆ ಒಂದು ತಂತ್ರವಿದೆ, ಒಂದು ಇತಿಹಾಸವಿದೆ; ಯಾವುದನ್ನು ಅಳಿಸಬಹುದು, ಯಾವುದನ್ನು ಅಳಿಸಬಾರದು ಎಂಬ ಒಂದು ವಿವೇಕವೂ ಅದಕ್ಕೆ ಬೇಕು. ತಂತ್ರ ದಿನದಿಂದ ದಿನಕ್ಕೆ ಸುಲಭವಾಗುತ್ತ ಬಂದಂತೆ ವಿವೇಕದ ಪ್ರಶ್ನೆ ಹಿಂದೆ ಸರಿದಿದೆ.

ಈ ಸೀಮೆಯ ನೆಲವೇ ಛಾಯಾಗ್ರಾಹಕನ ಕೆಲಸವನ್ನು ಹೆಚ್ಚಿಸುತ್ತದೆ. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ ಹರಿಯುವ ಈ ದೋಆಬ್, ಎಂದರೆ ಎರಡು ನದಿಗಳ ನಡುವಿನ ನಾಡು, ಬಹುಮಟ್ಟಿಗೆ ಬಯಲು. ಹತ್ತಿ, ತೊಗರಿ ಬೆಳೆಯುವ ಎರೆಹೊಲಗಳಲ್ಲಿ ದಿಗಂತ ತಗ್ಗಿನಲ್ಲಿರುವುದರಿಂದ ನಿಂತ ವಸ್ತು ಯಾವುದೇ ಇರಲಿ ಅದು ಆಕಾಶಕ್ಕೆ ಎದುರಾಗಿ ಕಾಣುತ್ತದೆ. 1985ರಲ್ಲಿ ಮೊದಲ ಘಟಕದಿಂದ ವಿದ್ಯುತ್ ಉತ್ಪಾದನೆ ಆರಂಭಿಸಿ ಮುಂದೆ 1,720 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ಬೆಳೆದ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದಿಂದ ಹೊರಡುವ ಹೈಟೆನ್ಷನ್ ತಂತಿಗಳು ಉಕ್ಕಿನ ಗೋಪುರಗಳ ಮೇಲೆ ಹೊಲಗಳನ್ನು ದಾಟಿಕೊಂಡು ಹೋಗುತ್ತವೆ. ಬಯಲಿನಲ್ಲಿ ನಿಲ್ಲಿಸಿದ ಕುದುರೆಯನ್ನು ಕೊಂಚ ತಗ್ಗಿನಿಂದ ನೋಡಿದರೆ ಆ ತಂತಿಗಳು ಅದರ ಕಿವಿಯ ಮಟ್ಟಕ್ಕೇ ಬರುತ್ತವೆ. ಊರೊಳಗಿನ ಪಾಡು ಬೇರೆ. ರಾಯಚೂರಿನ ತೀನ್ ಕಂದೀಲ್ ಸುತ್ತಲಿನ ಪೇಟೆಯಂಥ ಜಾಗದಲ್ಲಿ ಮೆರವಣಿಗೆ ಸಾಗುವಾಗ ಕುದುರೆಯ ಹಿಂದೆ ಖಾಲಿ ಗೋಡೆ ಸಿಗುವುದೇ ಅಪರೂಪ.

ಅಳಿಸುವ ಕಲೆ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಟ ಮೂಡುತ್ತಿದ್ದುದು ಗಾಜಿನ ಫಲಕದ ಮೇಲೆ ಲೇಪಿಸಿದ ಬೆಳ್ಳಿಯ ಲವಣಗಳಲ್ಲಿ. ಆ ಫಲಕವೇ ನೆಗೆಟಿವ್, ಅದರಲ್ಲಿ ಬೆಳಕು ಕತ್ತಲೆಯಾಗಿಯೂ ಕತ್ತಲೆ ಬೆಳಕಾಗಿಯೂ ಕಾಣುತ್ತದೆ. ಆದ್ದರಿಂದ ಫಲಕದ ಮೇಲೆ ಪೆನ್ಸಿಲಿನಿಂದ ತೀಡಿದ ಭಾಗ ಕಾಗದದ ಮೇಲೆ ತಿಳಿಯಾಗಿ ಬರುತ್ತಿತ್ತು, ಸಣ್ಣ ಚಾಕುವಿನಿಂದ ಕೆರೆದ ಭಾಗ ಕಪ್ಪಾಗಿ ಬರುತ್ತಿತ್ತು, ಬೆಳಕು ದಾಟದಂಥ ಬಣ್ಣವನ್ನು ಬಳಿದ ಭಾಗ ಪೂರ್ತಿ ಬಿಳಿಯಾಗಿಬಿಡುತ್ತಿತ್ತು. ಆ ಕಾಲದ ಲೇಪಗಳು ನೀಲಿ ಬೆಳಕಿಗೆ ವಿಪರೀತ ಸ್ಪಂದಿಸುತ್ತಿದ್ದುದರಿಂದ ಆಕಾಶ ಹೇಗೂ ಖಾಲಿ ಬಿಳಿಯಾಗಿಯೇ ಮೂಡುತ್ತಿತ್ತು. ಹೀಗಾಗಿ ಕುದುರೆಯ ಹಿಂದಿನ ಗುಡಿಸಲನ್ನೋ ಕಂಬವನ್ನೋ ಬಣ್ಣ ಬಳಿದು ಮುಚ್ಚಿದರೆ ನೋಡಿದವರಿಗೆ ಅನುಮಾನ ಬರುತ್ತಿರಲಿಲ್ಲ. ರಾಯಚೂರು ಆಗ ನಿಜಾಮರ ಆಳ್ವಿಕೆಗೆ ಸೇರಿತ್ತು, ಆ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನದಯಾಳ್ 1844ರಿಂದ 1905ರವರೆಗೆ ಬಾಳಿದವನು. ಅರಮನೆ, ಬೇಟೆ, ಸೈನ್ಯ, ಅಶ್ವದಳ ಇವೆಲ್ಲ ಅವನ ಕ್ಯಾಮೆರಾದ ವಸ್ತುಗಳು. ಪಟವನ್ನು ತೀಡಿ ತಿದ್ದುವುದು, ಮೇಲೆ ಬಣ್ಣ ತುಂಬುವುದು ಅಂದಿನ ಭಾರತೀಯ ಸ್ಟುಡಿಯೊಗಳಲ್ಲಿ ರೂಢಿಯಾಗಿತ್ತು. ಕುಂಚ ಹಿಡಿದು ಬಂದ ಚಿತ್ರಕಾರರೇ ಈ ಕೆಲಸಕ್ಕೆ ಒದಗಿದವರು.

1990ರ ಫೆಬ್ರುವರಿಯಲ್ಲಿ ಫೋಟೋಶಾಪ್ ತಂತ್ರಾಂಶ ಮಾರುಕಟ್ಟೆಗೆ ಬಂದಾಗ ಈ ಕುಂಚದ ಜಾಗಕ್ಕೆ ಮೌಸ್ ಬಂದಿತು. ಅದರಲ್ಲಿದ್ದ ಮುದ್ರೆಯ ಉಪಕರಣ, ಇಂದು ಕ್ಲೋನ್ ಸ್ಟ್ಯಾಂಪ್ ಎಂದು ಎಲ್ಲರಿಗೂ ಗೊತ್ತಿರುವುದು, ಪಟದ ಒಂದು ಭಾಗವನ್ನು ಇದ್ದಂತೆಯೇ ಎತ್ತಿ ಇನ್ನೊಂದು ಭಾಗದ ಮೇಲೆ ಒತ್ತುತ್ತದೆ. 2002ರಲ್ಲಿ ಬಂದ ಹೀಲಿಂಗ್ ಬ್ರಷ್ ಒಂದು ಹೆಜ್ಜೆ ಮುಂದೆ ಹೋಗಿ, ಎತ್ತಿದ ಭಾಗದಿಂದ ನೇಯ್ಗೆಯನ್ನು ಮಾತ್ರ ತೆಗೆದುಕೊಂಡು ಬಣ್ಣ ಮತ್ತು ಬೆಳಕನ್ನು ಒತ್ತುವ ಜಾಗದ ಸುತ್ತಲಿನಿಂದ ಪಡೆಯುತ್ತದೆ. 2009ರಲ್ಲಿ ಪ್ರಕಟವಾದ ಪ್ಯಾಚ್‌ಮ್ಯಾಚ್ ಎಂಬ ಗಣನಕ್ರಮ, ಅಳಿಸಿದ ಜಾಗಕ್ಕೆ ಹೊಂದುವ ತುಣುಕುಗಳನ್ನು ಇಡೀ ಪಟದಲ್ಲಿ ತಾನೇ ಹುಡುಕಿ ಜೋಡಿಸುವ ಕೆಲಸವನ್ನು ಕ್ಷಣಗಳಿಗೆ ಇಳಿಸಿತು; ಮರುವರ್ಷ ಫೋಟೋಶಾಪಿಗೆ ಸೇರಿದ ಕಂಟೆಂಟ್ ಅವೇರ್ ಫಿಲ್ ಈ ಬಗೆಯದು. 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನಿನಲ್ಲಿ ಮ್ಯಾಜಿಕ್ ಇರೇಸರ್ ಕೊಟ್ಟ ಮೇಲೆ ಬೆರಳಿನಿಂದ ಸುತ್ತು ಹಾಕಿದರೆ ಮನುಷ್ಯನೇ ಮಾಯವಾಗುವುದು ಸಾಮಾನ್ಯ ಸಂಗತಿಯಾಯಿತು.

ಹೀಗಿದ್ದೂ ಕುದುರೆ ಸುಲಭಕ್ಕೆ ಬಗ್ಗುವ ವಸ್ತುವಲ್ಲ. ಬಿಳಿ ಕುದುರೆಯ ಕೊರಳನ್ನು ದಾಟಿ ಬಂದ ಹಸಿರು ನೈಲಾನ್ ಹಗ್ಗವನ್ನು ಅಳಿಸುವ ಕೆಲಸವೊಂದನ್ನೇ ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಮೊದಲಿಗೆ ಹಗ್ಗ ಒಂದೇ ಬಗೆಯ ಹಿನ್ನೆಲೆಯ ಮೇಲೆ ಹಾಯ್ದಿರುವುದಿಲ್ಲ: ಗಲ್ಲದ ಕೆಳಗೆ ಅದು ನೆರಳಿನಲ್ಲಿರುತ್ತದೆ, ಕೊರಳಿನ ನಡುವೆ ಬಿಸಿಲಿನಲ್ಲಿರುತ್ತದೆ, ಎದೆಯ ಹತ್ತಿರ ಜೂಲಿನ ಜರಿಯಂಚನ್ನು ಮುಟ್ಟುತ್ತದೆ, ಅಲ್ಲಿಂದಾಚೆ ಗಾಳಿಯಲ್ಲಿ ತೇಲಿ ಹಿಡಿದವನ ಮುಷ್ಟಿಯನ್ನು ಸೇರುತ್ತದೆ. ಕುದುರೆಯ ಮೈಗೂದಲಿಗೆ ಎಲ್ಲೆಡೆಯೂ ಒಂದೇ ಹರಿವಿಲ್ಲ. ಕೊರಳ ಬದಿಯಲ್ಲಿ ಅದು ಹಿಂದಕ್ಕೂ ಕೆಳಕ್ಕೂ ಬಾಗಿ ಬೆಳೆದರೆ ಎದೆಯ ಬಳಿ ದಿಕ್ಕು ಬದಲಿಸಿ ಸುಳಿ ಕಟ್ಟುತ್ತದೆ. ಗಲ್ಲದ ಕೂದಲನ್ನು ಎತ್ತಿ ಕೊರಳಿಗೆ ಒತ್ತಿದರೆ ಬಣ್ಣ ಹೊಂದಿದರೂ ಹರಿವು ಹೊಂದುವುದಿಲ್ಲ, ನೋಡುವವರಿಗೆ ಕಾರಣ ತಿಳಿಯದೆಯೇ ಅಲ್ಲೇನೋ ತೇಪೆ ಹಾಕಿದಂತೆ ಅನಿಸುತ್ತದೆ. ಇದಾದ ಮೇಲೆ ಹಗ್ಗದ ನೆರಳಿನ ಪಾಳಿ. ಹಗ್ಗ ಹೋಗಿ ಅದರ ನೆರಳು ಮಾತ್ರ ಕೊರಳ ಮೇಲೆ ಉಳಿದ ಪಟಗಳು ಆಲ್ಬಮ್ಮುಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಬಿಳಿ ಮೈಯ ಮೇಲೆ ಇನ್ನೂ ಒಂದು ಸೂಕ್ಷ್ಮವಿದೆ: ಬಿಸಿಲಿಗೆ ಹೊಳೆಯುವ ಹಸಿರು ಹಗ್ಗ ತನ್ನ ಬಣ್ಣವನ್ನು ಪಕ್ಕದ ಬಿಳಿ ಕೂದಲ ಮೇಲೆ ನಸುವಾಗಿ ಚೆಲ್ಲಿರುತ್ತದೆ, ಹಗ್ಗವನ್ನು ಎಷ್ಟೇ ನಾಜೂಕಾಗಿ ತೆಗೆದರೂ ಈ ಹಸಿರು ಛಾಯೆಯನ್ನು ಬೇರೆಯಾಗಿ ತಗ್ಗಿಸದಿದ್ದರೆ ಕುದುರೆಯ ಕೊರಳಿಗೆ ಪಾಚಿ ಹತ್ತಿದಂತೆ ಕಾಣುತ್ತದೆ.

ತಲೆಯ ಭಾಗ ಇದಕ್ಕಿಂತ ಕಷ್ಟದ್ದು. ಮುಖಪಟ್ಟಿ, ಎಂದರೆ ಕಡಿವಾಣವಿಲ್ಲದೆ ತಲೆಗಷ್ಟೇ ತೊಡಿಸುವ ಪಟ್ಟಿ, ಮೂಗಿನ ಎಲುಬಿನ ಮೇಲೆ ಅಡ್ಡಲಾಗಿಯೂ ಗಲ್ಲದ ಮೇಲೆ ಉದ್ದಕ್ಕೂ ಹಾಯುತ್ತದೆ. ಅದರ ಕೆಳಗೆ ಕೂದಲು ಒತ್ತಿಕೊಂಡು, ಚರ್ಮದ ಕೆಳಗಿನ ರಕ್ತನಾಳದ ಗೆರೆ ಮರೆಯಾಗಿ, ಎಲುಬಿನ ಉಬ್ಬುತಗ್ಗು ಕಾಣದಂತಾಗಿರುತ್ತದೆ. ಪಟ್ಟಿಯನ್ನು ಅಳಿಸಿದವನು ತಾನು ಕಾಣದೇ ಇದ್ದ ಆ ಉಬ್ಬುತಗ್ಗನ್ನು ತನ್ನ ತಿಳಿವಳಿಕೆಯಿಂದಲೇ ಮತ್ತೆ ಕಟ್ಟಬೇಕು. ಕುದುರೆಯ ತಲೆಯ ರಚನೆಯನ್ನು ಅರಿಯದವನು ಈ ಕೆಲಸಕ್ಕೆ ಕೈಹಾಕಿದರೆ ಮೂತಿ ಊದಿಕೊಂಡಂತೆಯೋ ಸೋರೆಬುರುಡೆಯಂತೆ ನುಣ್ಣಗೋ ಆಗಿಬಿಡುತ್ತದೆ. ಕಿವಿಯ ಹಿಂದೆ ಹಾಯ್ದ ವಿದ್ಯುತ್ ತಂತಿಯನ್ನು ಅಳಿಸುವಾಗಲೂ ಇದೇ ಎಚ್ಚರ ಬೇಕು. ತಿಳಿ ಆಕಾಶದ ಮೇಲಿನ ತಂತಿ ಒಂದು ಎಳೆತಕ್ಕೆ ಹೋಗುತ್ತದೆ, ಆದರೆ ಕಿವಿಯ ತುದಿಯನ್ನು ಅದು ಮುಟ್ಟುವಲ್ಲಿ ಉಪಕರಣಕ್ಕೆ ತಂತಿ ಯಾವುದು, ಕಿವಿಯಂಚಿನ ಕೂದಲು ಯಾವುದು ಎಂಬ ಭೇದ ತಿಳಿಯುವುದಿಲ್ಲ. ಕುದುರೆಯ ಗಮನವೂ ಗಾಬರಿಯೂ ಮೊದಲು ಕಾಣಿಸಿಕೊಳ್ಳುವುದು ಕಿವಿಯಲ್ಲಿಯೇ ಆದ್ದರಿಂದ ಆ ತುದಿ ಮೊಂಡಾದರೆ ಇಡೀ ಪಟದ ಜೀವ ಹೋಗುತ್ತದೆ. ಕಾಲುಗಳ ನಡುವೆ ಕಾಣುವ ಬೈಕಿನ ಗಾಲಿ, ಬೇಲಿಯ ಕಂಬಿ ಇತ್ಯಾದಿಗಳನ್ನು ತೆಗೆಯುವ ಮುನ್ನ ಕಾಲುಗಳ ಸುತ್ತ ಮಾಸ್ಕ್ ಎಳೆದುಕೊಳ್ಳುವುದು ನುರಿತವರ ಪದ್ಧತಿ. ಮಾಸ್ಕ್ ಎಂದರೆ ಇಷ್ಟು ಭಾಗಕ್ಕೆ ಉಪಕರಣ ತಾಗಬಾರದು ಎಂದು ಹಾಕುವ ಗಡಿ. ಇಷ್ಟನ್ನೂ ಮೂಲ ಪಟದ ಮೇಲೆ ಮಾಡದೆ ಅದರ ಮೇಲೊಂದು ಖಾಲಿ ಪದರ, ಎಂದರೆ ಲೇಯರ್, ಹಾಸಿಕೊಂಡು ಮಾಡುವುದರಿಂದ ಯಾವ ತಿದ್ದುಪಡಿಯನ್ನಾದರೂ ಆಮೇಲೆ ಹಿಂದೆಗೆದುಕೊಳ್ಳಬಹುದು.

ಮೊಬೈಲ್ ಫೋನು ಕೆಲವೊಮ್ಮೆ ಯಾರೂ ಕೇಳದೆಯೇ ಅಳಿಸುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ಹಿನ್ನೆಲೆಯನ್ನು ಮಸುಕು ಮಾಡುವ ಪೋರ್ಟ್ರೇಟ್ ಎಂಬ ಆಯ್ಕೆಯಲ್ಲಿ ಯಾವುದು ಹತ್ತಿರ, ಯಾವುದು ದೂರ ಎಂಬುದನ್ನು ಫೋನು ಲೆಕ್ಕ ಹಾಕುತ್ತದೆ. ಲಗಾಮಿನಂಥ ಸಪೂರ ವಸ್ತು, ಗಾಳಿಗೆ ಹಾರುವ ಬಾಲದ ಕೂದಲು ಈ ಲೆಕ್ಕಕ್ಕೆ ಸಿಗದೆ ಹಿನ್ನೆಲೆಯ ಜೊತೆಗೇ ಕರಗಿಹೋಗುವುದುಂಟು.

2023ರಿಂದ ಈಚೆಗೆ ಜನಸಾಮಾನ್ಯರ ಕೈಗೆ ಬಂದಿರುವ ಜನರೇಟಿವ್ ಫಿಲ್‌ನಂಥ ಸೌಲಭ್ಯಗಳು ಹಿಂದಿನವುಗಳಿಗಿಂತ ಜಾತಿಯಲ್ಲಿಯೇ ಬೇರೆ. ಹಳೆಯ ಉಪಕರಣಗಳು ಅದೇ ಪಟದ ಬೇರೊಂದು ಮೂಲೆಯಿಂದ ಎರವಲು ತಂದು ತುಂಬುತ್ತಿದ್ದವು. ಹೊಸವು ಕೋಟ್ಯಂತರ ಚಿತ್ರಗಳನ್ನು ನೋಡಿ ಕಲಿತ ಕೃತಕ ಬುದ್ಧಿಮತ್ತೆಯ ಮಾದರಿಗಳು. ಚಿತ್ರಕ್ಕೆ ಅಡ್ಡಾದಿಡ್ಡಿ ಚುಕ್ಕಿಗಳ ಗದ್ದಲವನ್ನು ಬೆರೆಸಿ, ಆ ಗದ್ದಲವನ್ನು ಹಂತ ಹಂತವಾಗಿ ತೆಗೆದು ಚಿತ್ರವನ್ನು ಮರಳಿ ಪಡೆಯುವ ತರಬೇತಿ ಇವಕ್ಕೆ ಆಗಿರುತ್ತದೆ, ಆದ್ದರಿಂದ ಖಾಲಿ ಜಾಗ ಕೊಟ್ಟರೆ ಅಲ್ಲಿ ಏನಿರಬಹುದು ಎಂಬುದನ್ನು ಇವು ಊಹಿಸಿ ಬರೆಯುತ್ತವೆ. ಹಗ್ಗ ಹಿಡಿದವನನ್ನು ಅಳಿಸಿದ ಜಾಗದಲ್ಲಿ ನಿಜವಾಗಿ ಇದ್ದ ಗೋಡೆ ಮತ್ತೆ ಬರುವುದಿಲ್ಲ, ಗೋಡೆಯಂಥದ್ದೊಂದು ಬರುತ್ತದೆ. ಅವನ ಮೈಗೆ ಮರೆಯಾಗಿದ್ದ ಕುದುರೆಯ ಮುಂಗಾಲು ಬರುವುದಿಲ್ಲ, ಯಾವುದೋ ಕುದುರೆಯ ಮುಂಗಾಲು ಬರುತ್ತದೆ. ಗೊರಸು ಒಂದಾಗಿ ಕೀಲು ಇನ್ನೊಂದಾಗಿ, ಕೆಲವೊಮ್ಮೆ ಕಾಲೇ ಒಂದು ಹೆಚ್ಚಾಗಿ, ಜೀನಿನ ಕೆಳಪಟ್ಟಿ ಎಲ್ಲಿಯೂ ಸೇರದೆ ನಡುವೆಯೇ ಮುಗಿದುಹೋಗಿ ಇಂಥ ಊಹೆ ಸಿಕ್ಕಿಬೀಳುತ್ತದೆ. ಸಿಕ್ಕಿಬೀಳುವ ತಪ್ಪಿಗಿಂತ ಸಿಕ್ಕಿಬೀಳದ ತಪ್ಪು ಹೆಚ್ಚು ಚಿಂತೆಗೆ ಎಡೆಮಾಡಿಕೊಡುವಂಥದ್ದು.

ಬೇಡವಾದ ವಸ್ತುವೇ ಪಟಕ್ಕೆ ಸಾಕ್ಷಿಯಾಗಿ ಒದಗಿದ ಪ್ರಸಂಗವೊಂದು ಕುದುರೆಯ ಛಾಯಾಚಿತ್ರದ ಚರಿತ್ರೆಯ ಆರಂಭದಲ್ಲಿಯೇ ಇದೆ. ಓಡುವ ಕುದುರೆಯ ನಾಲ್ಕೂ ಕಾಲುಗಳು ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಈಡ್ವರ್ಡ್ ಮೈಬ್ರಿಜ್, ಅಮೆರಿಕದ ಶ್ರೀಮಂತ ಲೇಲ್ಯಾಂಡ್ ಸ್ಟ್ಯಾನ್‌ಫೋರ್ಡನ ಕುದುರೆ ಒಕ್ಸಿಡೆಂಟಿನ ಓಟದ ಚಿತ್ರವೆಂದು 1877ರಲ್ಲಿ ಒಂದನ್ನು ಹೊರತಂದನು. ಅದು ನೆಗೆಟಿವನ್ನು ನೋಡಿ ಬಿಡಿಸಿದ ವರ್ಣಚಿತ್ರದ ಛಾಯಾಪ್ರತಿ, ಗಾಡಿ ಓಡಿಸುವವನ ಮುಖವನ್ನು ಮಾತ್ರ ಛಾಯಾಚಿತ್ರದಿಂದ ಕತ್ತರಿಸಿ ಅಂಟಿಸಲಾಗಿತ್ತು. ಜನ ನಂಬಲಿಲ್ಲ. ಮರುವರ್ಷ ಜೂನ್ ತಿಂಗಳಲ್ಲಿ ಮೈಬ್ರಿಜ್ ಪಾಲೊ ಆಲ್ಟೊದ ಓಟದ ಅಂಕಣಕ್ಕೆ ಪತ್ರಕರ್ತರನ್ನೇ ಕರೆಸಿ, ಸಾಲಾಗಿ 12 ಕ್ಯಾಮೆರಾಗಳನ್ನಿಟ್ಟು ಅವರೆದುರೇ ಪಟ ತೆಗೆದು ಫಲಕಗಳನ್ನು ತೊಳೆದು ತೋರಿಸಿದನು. ಸ್ಯಾಲಿ ಗಾರ್ಡ್ನರ್ ಎಂಬ ಹೆಣ್ಣುಕುದುರೆ ಓಡುವಾಗ ಅದರ ಜೀನಿನ ಹೊಟ್ಟೆಪಟ್ಟಿ ಹರಿದುಹೋಯಿತು. ಹರಿದ ಪಟ್ಟಿ ನೇತಾಡುವುದು ಫಲಕದಲ್ಲಿಯೂ ಮೂಡಿದ್ದನ್ನು ಕಂಡ ಮೇಲೆ ಇದು ತಿದ್ದಿದ ಚಿತ್ರವಲ್ಲವೆಂದು ಪತ್ರಕರ್ತರಿಗೆ ಮನವರಿಕೆಯಾಯಿತು. ಇಂದಿನ ಯಾವ ಟಚಿಂಗ್ ಮಾಡುವವನಾದರೂ ಮೊದಲು ಅಳಿಸುತ್ತಿದ್ದುದು ಆ ಹರಿದ ಪಟ್ಟಿಯನ್ನೇ.

ಕುದುರೆಯ ಪಟದಿಂದ ಮನುಷ್ಯನನ್ನು ಅಳಿಸಿದ ಹೆಸರುವಾಸಿ ಉದಾಹರಣೆ ಇಟಲಿಯದು. ಬೆನಿಟೊ ಮುಸೊಲಿನಿ 1937ರ ಮಾರ್ಚಿನಲ್ಲಿ ಲಿಬಿಯಾದ ಟ್ರಿಪೊಲಿಗೆ ಹೋಗಿ, ಕುದುರೆಯ ಮೇಲೆ ಕೂತು ಖಡ್ಗವನ್ನು ಮೇಲೆತ್ತಿ ಹಿಡಿದ ಪಟವನ್ನು ತೆಗೆಸಿಕೊಂಡನು. ಮೂಲ ಪಟದಲ್ಲಿ ಕುದುರೆಯ ತಲೆಯ ಬಳಿ ಒಬ್ಬ ಆಳು ಲಗಾಮು ಹಿಡಿದು ನಿಂತಿದ್ದಾನೆ, ಪ್ರಚಾರಕ್ಕೆ ಬಿಟ್ಟ ಪ್ರತಿಯಲ್ಲಿ ಅವನಿಲ್ಲ. ಅಳಿಸಿದ್ದು ಒಬ್ಬ ಆಳನ್ನಾದರೂ ಅದರಿಂದ ಬದಲಾದದ್ದು ಸವಾರನ ಕುರಿತ ಹೇಳಿಕೆ: ಬೇರೊಬ್ಬನು ಹಿಡಿದು ನಿಲ್ಲಿಸಿದ ಕುದುರೆಯ ಮೇಲೆ ಕೂತವನು, ತಾನೇ ಕುದುರೆಯನ್ನು ಹತೋಟಿಯಲ್ಲಿಟ್ಟುಕೊಂಡ ವೀರನಾಗಿ ಮಾರ್ಪಟ್ಟನು. ಅಮೆರಿಕದ ಅಂತರ್ಯುದ್ಧದ ಸೇನಾನಿ ಯುಲಿಸೀಸ್ ಗ್ರಾಂಟ್ ಸಿಟಿ ಪಾಯಿಂಟ್ ಎಂಬಲ್ಲಿ ಕುದುರೆಯ ಮೇಲೆ ಕೂತಿರುವಂತೆ ತೋರಿಸುವ, 1902ರ ಸುಮಾರಿನ ಒಂದು ಪಟವೂ ಉಂಟು. ಅದರಲ್ಲಿ ತಲೆ ಗ್ರಾಂಟನದು; ಮೈ ಮತ್ತು ಕುದುರೆ ಮೆಕ್‌ಕುಕ್ ಎಂಬ ಇನ್ನೊಬ್ಬ ಸೇನಾಧಿಕಾರಿಯವು; ಹಿನ್ನೆಲೆಯ ಜನ ಬೇರೊಂದು ಪಟದಲ್ಲಿದ್ದ ಯುದ್ಧಕೈದಿಗಳು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನವರು ಮೂರು ಮೂಲಗಳನ್ನೂ ಪತ್ತೆಹಚ್ಚಿದ್ದಾರೆ.

ಹಗ್ಗ ಹಿಡಿದವನನ್ನು ಬೇಡವಾದ ವಸ್ತುಗಳ ಪಟ್ಟಿಗೆ ಸೇರಿಸುವ ರೂಢಿ ಈ ನಾಡಿನ ಕಲ್ಲುಕುಟಿಗರಿಗೆ ಇರಲಿಲ್ಲ. ಹಂಪಿಯ ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯ ಮೇಲೆ ಆನೆ, ಕುದುರೆ, ಕಾಲಾಳು, ನರ್ತಕಿಯರ ಪಟ್ಟಿಕೆಗಳು ಒಂದರ ಮೇಲೊಂದಾಗಿ ಸಾಗುತ್ತವೆ; ಅಲ್ಲಿಯೂ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿಯೂ ಕುದುರೆಯ ಜೊತೆಗೆ ಅದನ್ನು ನಡೆಸಿಕೊಂಡು ಹೋಗುವ ಆಳು ಇದ್ದಾನೆ, ಕೆಲವೆಡೆ ಅವನ ಉಡುಪು ಹೊರದೇಶದ್ದು. ಕುದುರೆಯನ್ನಷ್ಟೇ ಕೆತ್ತಿದ್ದರೆ ಕೆಲಸ ಹಗುರಾಗುತ್ತಿತ್ತು, ಆದರೆ ರಾಜ್ಯದ ವೈಭವವನ್ನು ತೋರಿಸಲು ಹೊರಟ ಶಿಲ್ಪಿಗೆ ಕುದುರೆಯವನು ವೈಭವಕ್ಕೆ ಕುಂದೆಂದು ತೋರಲಿಲ್ಲ. ರಾಯಚೂರು ಕೋಟೆಯಲ್ಲಿಯೂ ಇದಕ್ಕೆ ಒಡನಾಡಿಯಾದ ಚಿತ್ರವಿದೆ: 1294ರ ಶಾಸನವಿರುವ ಭಾರಿ ಕಲ್ಲುಚಪ್ಪಡಿಯನ್ನು ಕೋಣಗಳನ್ನು ಹೂಡಿದ ಬಂಡಿಯ ಮೇಲೆ ಎಳೆದು ತಂದ ಬಗೆಯನ್ನು ಅಲ್ಲಿನ ಗೋಡೆಯ ಮೇಲೆ ಗೀರಿ ತೋರಿಸಲಾಗಿದೆ. 1520ರಲ್ಲಿ ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನೂ ಕಾದಾಡಿದ್ದು ಈ ಕೋಟೆಗಾಗಿಯೇ. ಆ ಯುದ್ಧದ ವಿವರವನ್ನು ಬರೆದಿಟ್ಟ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವ್ ನೂನಿಜ್, ರಾಯನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಹೇಳುತ್ತಾನೆ.

ನೂನಿಜ್ ಹೇಳುವ ಇನ್ನೊಂದು ಸಂಗತಿ ಈ ಲೇಖನದ ವಿಷಯಕ್ಕೆ ಹೆಚ್ಚು ಹತ್ತಿರದ್ದು. ಹಿಂದಿನ ಅರಸನಾದ ಸಾಳುವ ನರಸಿಂಹನು ಓರ್ಮುಜ್ ಮತ್ತು ಏಡನ್‌ಗಳಿಂದ ಬರುವ ಕುದುರೆಗಳಿಗೆ ಸತ್ತವೋ ಬದುಕಿದವೋ ಎಂದು ನೋಡದೆ ಹಣ ಕೊಡುತ್ತಿದ್ದನಂತೆ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ತಿ ಬೆಲೆ ಸಿಗುತ್ತಿತ್ತಂತೆ. ಕಣ್ಣೆದುರಿಗಿಲ್ಲದ ಕುದುರೆಯನ್ನು ಒಂದು ಗುರುತಿನ ಮೇಲೆ ನಂಬಿ ಹಣ ಎಣಿಸುವ ವ್ಯವಹಾರ ಅಂದಿನದು ಮಾತ್ರವಲ್ಲ. ಇಂದು ವಾಟ್ಸಾಪಿನಲ್ಲಿ ಬಂದ ಪಟವನ್ನು ನೋಡಿ ಕುದುರೆಗೆ ಮುಂಗಡ ಕಳಿಸುವವರಿದ್ದಾರೆ. ಅಲ್ಲಿ ಬಾಲದ ಕೆಲಸವನ್ನು ಪಟ ಮಾಡುತ್ತದೆ.

ವ್ಯಾಪಾರದ ಪಟದಲ್ಲಿ ಹಿನ್ನೆಲೆಯ ಕಸಕಡ್ಡಿಯನ್ನು ತೆಗೆದರೆ ಯಾರಿಗೂ ನಷ್ಟವಿಲ್ಲ, ಆದರೆ ಕುದುರೆಯ ಮೈಯ ಮೇಲೆ ಕೈಯಾಡಿಸಿದರೆ ಅದು ನೇರವಾಗಿ ಮೋಸ. ಕುದುರೆಯನ್ನು ಕೊಳ್ಳುವವರು ಈ ನಾಡಿನಲ್ಲಿ ಸುಳಿ ನೋಡುತ್ತ ಬಂದವರು; ಸುಳಿ ಎಂದರೆ ಕೂದಲು ಒಂದು ಬಿಂದುವಿನ ಸುತ್ತ ತಿರುಗಿ ಬೆಳೆದ ಜಾಗ, ಕೊರಳಿನಲ್ಲಿದ್ದರೆ ದೇವಮಣಿಯೆಂದು ಅದಕ್ಕೆ ಮರ್ಯಾದೆ, ಬೇಡದ ಕಡೆಗಿದ್ದರೆ ಬೆಲೆಯೇ ಇಳಿಯುತ್ತದೆ. ನಾಲ್ಕು ಕಾಲೂ ಮುಖವೂ ಬೆಳ್ಳಗಿರುವ ಪಂಚಕಲ್ಯಾಣಿಗೆ ಇರುವ ಬೇಡಿಕೆಯನ್ನು ಬಲ್ಲವನಿಗೆ ಮೂರು ಬಿಳಿಗಾಲನ್ನು ನಾಲ್ಕು ಮಾಡುವುದು ಕಂಪ್ಯೂಟರಿನಲ್ಲಿ ಎಷ್ಟು ಹೊತ್ತಿನ ಕೆಲಸ? ಸುಳಿಯ ಶುಭಾಶುಭವನ್ನು ನಂಬದವರಿಗೂ ಸುಳಿ ಬೇಕು, ಏಕೆಂದರೆ ಅದು ಬೆರಳಚ್ಚಿನ ಹಾಗೆ ಒಂದೊಂದು ಕುದುರೆಗೂ ಬೇರೆ ಬೇರೆ. ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ಹೋಗುವ ಕುದುರೆಯ ಪಾಸ್‌ಪೋರ್ಟಿನಲ್ಲಿ ಕುದುರೆಯ ರೇಖಾಚಿತ್ರವನ್ನಿಟ್ಟು ಬಿಳಿ ಗುರುತುಗಳನ್ನೂ ಸುಳಿಗಳನ್ನೂ ಅದರ ಮೇಲೆ ಗುರುತಿಸುತ್ತಾರೆ. ಭಾರತದ ಥರೋಬ್ರೆಡ್ ಜೂಜುಕುದುರೆಗಳ ವಂಶಾವಳಿಯನ್ನು ಪುಣೆಯ ಸ್ಟಡ್ ಬುಕ್ ಪ್ರಾಧಿಕಾರ ಇಡುತ್ತದೆ. ಟಿಪ್ಪು ಸುಲ್ತಾನನ ಕಾಲದಿಂದ ಹೆಸರಾದ ಕುಣಿಗಲ್ಲಿನಂಥ ಅಶ್ವಪಾಲನಾ ಕೇಂದ್ರಗಳ ಲೋಕದಲ್ಲಿ ಮಾರಾಟದ ಪಟಕ್ಕೆ ಒಂದು ಶಿಸ್ತಿದೆ: ಕುದುರೆ ಅಡ್ಡಲಾಗಿ ನಿಲ್ಲಬೇಕು, ನಾಲ್ಕೂ ಕಾಲು ಬೇರೆ ಬೇರೆಯಾಗಿ ಕಾಣಬೇಕು, ತಲೆಯ ಬಳಿ ಹಗ್ಗ ಹಿಡಿದವನು ಇದ್ದರೆ ಅದು ಕೊರತೆಯಲ್ಲ.

ಜೀನು ಉಜ್ಜಿ ಆದ ಹುಣ್ಣು, ಲಗಾಮು ಎಳೆದು ಕೊಯ್ದ ತುಟಿಯಂಚು, ಎದ್ದು ಕಾಣುವ ಪಕ್ಕೆಲುಬು ಇವು ಮದುವೆಯ ಪಟದಲ್ಲಿ ಕಂಡರೆ ಆಲ್ಬಮ್ ಮಾಡುವವನು ಕೆಲಸದ ಭರದಲ್ಲಿ ತೀಡಿಬಿಡುತ್ತಾನೆ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯ್ದೆಯಂತೆ ಗಾಯಗೊಂಡ, ಕೆಲಸಕ್ಕೆ ತಕ್ಕ ಸ್ಥಿತಿಯಲ್ಲಿಲ್ಲದ ಪ್ರಾಣಿಯನ್ನು ದುಡಿಸುವುದು ಅಪರಾಧ. ಅಂಥ ಪಟ ಸಂತೋಷದ ನೆನಪಾಗಿರುವಾಗಲೇ ಒಂದು ಸಾಕ್ಷ್ಯವೂ ಹೌದು. ಹುಣ್ಣನ್ನು ಅಳಿಸುವ ಬದಲು ಆ ಪಟವನ್ನೇ ಆಲ್ಬಮ್ಮಿನಿಂದ ಬಿಡುವುದು ಮರ್ಯಾದೆಯ ದಾರಿ, ಕುದುರೆಯ ಮಾಲೀಕನಿಗೆ ಹುಣ್ಣನ್ನು ತೋರಿಸಿ ಹೇಳುವುದು ಇನ್ನೂ ಒಳ್ಳೆಯ ದಾರಿ.

ಪತ್ರಿಕೆಯ ಪಟಗಳಿಗೆ ನಿಯಮ ಬಿಗಿಯಾಗಿದೆ. 2010ರಲ್ಲಿ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಬಹುಮಾನ ಗೆದ್ದ ಒಬ್ಬ ಛಾಯಾಗ್ರಾಹಕ ಹಿನ್ನೆಲೆಯಲ್ಲಿ ಇಣುಕಿದ ಯಾರದೋ ಪಾದದ ತುದಿಯನ್ನು ಅಳಿಸಿದ್ದನೆಂಬ ಕಾರಣಕ್ಕೆ ಅವನ ಬಹುಮಾನವನ್ನು ರದ್ದುಮಾಡಲಾಯಿತು. ಮೈಸೂರು ದಸರೆಯ ಜಂಬೂಸವಾರಿಯಲ್ಲಿ ಅಶ್ವಾರೋಹಿ ಪಡೆ ಸಾಗುವಾಗ ಎದ್ದು ನಿಂತ ಮೊಬೈಲುಗಳ ಕಾಡು ಸುದ್ದಿಚಿತ್ರದಲ್ಲಿ ಉಳಿಯಬೇಕು. ಅದೇ ಪಟವನ್ನು ಕ್ಯಾಲೆಂಡರಿಗೆ ಬಳಸುವಾಗ ತೆಗೆದರೆ ಆಕ್ಷೇಪವಿಲ್ಲ. ಕುರಿಹಿಂಡಿನ ಜೊತೆ ಊರೂರು ಅಲೆಯುವ ಕುರಿಗಾಹಿಗಳ ತಟ್ಟು, ಎಂದರೆ ಸಾಮಾನು ಹೊರುವ ಗಿಡ್ಡ ಕುದುರೆ, ಬೆನ್ನ ಮೇಲೆ ಕಂಬಳಿ, ಪಾತ್ರೆ, ಕೋಳಿಬುಟ್ಟಿಗಳನ್ನು ಹೇರಿಕೊಂಡು ಹೋಗುವ ಪಟವನ್ನು ಚೊಕ್ಕಟ ಮಾಡಲು ಹೊರಟರೆ ಉಳಿಯುವುದು ಅರ್ಥವಿಲ್ಲದ ಒಂದು ಪ್ರಾಣಿ, ಏಕೆಂದರೆ ಅಲ್ಲಿ ಸಾಮಾನೇ ವಿಷಯ.

ಅಳಿಸುವ ಕೆಲಸವನ್ನು ಕಡಿಮೆ ಮಾಡುವ ಉಪಾಯಗಳು ಪಟ ತೆಗೆಯುವ ಮುನ್ನವೇ ಇವೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಕಂಬ ಮದುಮಗನ ತಲೆಯಿಂದ ಹೊರಗೆ ಬರುತ್ತದೆ. ಕ್ಯಾಮೆರಾವನ್ನು ಕುದುರೆಯ ಎದೆಯ ಮಟ್ಟಕ್ಕೆ ಹಿಡಿದು ಕೊಂಚ ದೂರದಿಂದ ಜೂಮ್ ಮಾಡಿದರೆ ಹಿನ್ನೆಲೆ ಕಿರಿದಾಗಿ ಅರ್ಧ ಗಲಾಟೆ ತಾನೇ ಹೋಗುತ್ತದೆ. ಹಗ್ಗವನ್ನು ಕೊರಳಿಗೆ ತಾಗದಂತೆ ಮುಂದಕ್ಕೆ ಚಾಚಿ ಹಿಡಿಯಲು ಕುದುರೆಯವನನ್ನು ಕೇಳಿಕೊಂಡರೆ ಅದು ಮೈಯ ಬದಲು ಬಯಲಿನ ಮೇಲೆ ಹಾಯುತ್ತದೆ, ಬಯಲಿನ ಮೇಲಿನ ಹಗ್ಗವನ್ನು ತೆಗೆಯುವುದು ಸುಲಭ. ಕುದುರೆ ಹಾದುಹೋದ ಮೇಲೆ ಅದೇ ಜಾಗದಲ್ಲಿ ನಿಂತು ಖಾಲಿ ಹಿನ್ನೆಲೆಯ ಪಟವೊಂದನ್ನು ತೆಗೆದಿಟ್ಟುಕೊಂಡರೆ, ಆಮೇಲೆ ತುಂಬಬೇಕಾದ ಜಾಗಕ್ಕೆ ಯಂತ್ರದ ಊಹೆಯ ಬದಲು ನಿಜವಾದ ಗೋಡೆಯೇ ಸಿಗುತ್ತದೆ. ಪಟಕ್ಕಾಗಿ ಹಗ್ಗವನ್ನೇ ಬಿಚ್ಚಿಸುವುದು ಮಾತ್ರ ಕೂಡದು. ಬ್ಯಾಂಡು, ಪಟಾಕಿಗಳ ನಡುವೆ ನಿಂತ ಕುದುರೆ ಬೆದರಿದರೆ ಮದುಮಗನಿಗೂ ಸುತ್ತಲಿನ ಮಕ್ಕಳಿಗೂ ಅಪಾಯ.

ತಂತಿ, ಫ್ಲೆಕ್ಸು, ಲದ್ದಿ, ಬೈಕುಗಳನ್ನು ಮದುವೆಯ ಆಲ್ಬಮ್ಮಿನಿಂದ ಧಾರಾಳವಾಗಿ ತೆಗೆಯಬಹುದು, ಹಗ್ಗವನ್ನೂ ಕೈ ಪಳಗಿದ್ದರೆ ತೆಗೆಯಬಹುದು. ಹಗ್ಗ ಹಿಡಿದವನ ವಿಷಯದಲ್ಲಿ ಹಾಗೆ ಹೇಳಲಾಗದು; ಆ ಗದ್ದಲದಲ್ಲಿ ಕುದುರೆ ಕದಲದೆ ನಿಂತಿರುವುದು ಅವನ ಕೈ ಮತ್ತು ಅವನ ದನಿಯ ಕಾರಣದಿಂದ, ಅವನನ್ನು ತೆಗೆದ ಪಟ ಕುದುರೆಯ ಬಗ್ಗೆಯೂ ಸುಳ್ಳು ಹೇಳುತ್ತದೆ. ಒಬ್ಬ ಮದುಮಗನ ಒಂಟಿ ಪಟ ಗೋಡೆಗೆ ಬೇಕೆಂದಿದ್ದರೆ ಅದೊಂದರಲ್ಲಿ ಅಳಿಸಿಕೊಂಡು, ಉಳಿದವುಗಳಲ್ಲಿ ಹಗ್ಗ ಹಿಡಿದವನನ್ನು ಅವನಿದ್ದ ಜಾಗದಲ್ಲಿಯೇ ಬಿಡುವುದು ನ್ಯಾಯ. ದೇವದುರ್ಗವಿರಲಿ, ಮಾನ್ವಿಯಿರಲಿ, ಯಾಪಲದಿನ್ನಿಯಿರಲಿ, ಮದುವೆಗೆ ಸ್ಟುಡಿಯೊದವರನ್ನು ಗೊತ್ತುಮಾಡುವ ಮನೆಯವರು ಆಲ್ಬಮ್ಮಿನ ಜೊತೆಗೆ ತಿದ್ದದ ಮೂಲ ಪಟಗಳನ್ನೂ ಒಂದು ಪೆನ್‌ಡ್ರೈವಿಗೆ ಹಾಕಿಸಿ ಪಡೆದುಕೊಳ್ಳಬೇಕು, ಈ ಮಾತನ್ನು ಮುಂಗಡ ಕೊಡುವಾಗಲೇ ಆಡಿಬಿಡಬೇಕು, ಮತ್ತು ಕುದುರೆಯವನಿಗೂ ಅವನು ಇರುವ ಒಂದು ಪ್ರತಿಯನ್ನು ಕಳಿಸಿಕೊಡಬೇಕು.